ಅಪ್ಪ ಒರೆಸಿದ ಕೀಬೋರ್ಡು

ಆಯುಧಪೂಜೆ ಬಂತೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಬೆಳಿಗ್ಗೆ ಶ್ರೀರಾಂಪುರದ ಮನೆಯಲ್ಲಿ ಸ್ಕೂಟರಿಗೆ, ಮಿಕ್ಸಿಗೆ, ಹೊಲಿಗೆ ಯಂತ್ರಕ್ಕೆ ವಿಭೂತಿ ಹಚ್ಚಿ, ಕೊನೆಗೆ ಅಟ್ಟದಿಂದ ಹಳೆಯ ಕೀಬೋರ್ಡನ್ನು ಇಳಿಸಿದೆ. ಒದ್ದೆ ವಿಭೂತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಹತ್ತು ವರ್ಷದ ಹಿಂದಿನ ಸಿಟ್ಟು ಎದ್ದು ಕೂತಿತು.

ಸಿಟ್ಟು ಯಾರ ಮೇಲೆ? ಹೇಳುತ್ತೇನೆ, ನಗಬೇಡಿ. ಕೀಬೋರ್ಡಿನ ಎಡಮೂಲೆಯಲ್ಲಿರುವ ಉಗುರಿನಷ್ಟು ಸ್ವಿಚ್ಚಿನ ಮೇಲೆ. ಅದಕ್ಕೆ ಮೂರು ಜಾಗ. ಮೊದಲನೆಯದರಲ್ಲಿ ಕೀಬೋರ್ಡು ಬರೀ ಹಾರ್ಮೋನಿಯಂ ಥರ. ‘ಸಿಂಗಲ್ ಫಿಂಗರ್’ಗೆ ತಳ್ಳಿದರೆ ಎಡಗೈಯ ಒಂದೇ ಬೆರಳು ಸಾಕು, ಪೂರ್ತಿ ಕಾರ್ಡು, ಅಂದರೆ ಒಂದಕ್ಕೊಂದು ಹೊಂದುವ ಮೂರು ಸ್ವರ, ತಾಳದ ಸಮೇತ ತಾನೇ ನುಡಿಯುತ್ತದೆ. ‘ಫಿಂಗರ್ಡ್’ಗೆ ತಳ್ಳಿದಿರೋ, ಮುಗಿಯಿತು. ಆ ಮೂರು ಸ್ವರಗಳನ್ನೂ ನೀವೇ ಒತ್ತಬೇಕು. ಒಂದೇ ಒತ್ತಿದರೆ ಬರೀ ಡ್ರಮ್ಮು. ನಾನೋ ಶುದ್ಧ ಸೋಮಾರಿ. ಮೂರು ವರ್ಷ ಒಂದೇ ಬೆರಳಲ್ಲಿ, ದೊಡ್ಡ ವಾದ್ಯಗಾರನೆಂದು ಬೀದಿಯವರನ್ನೆಲ್ಲ ನಂಬಿಸಿದ್ದೆ.

ಆಗ ರಾಮಕೃಷ್ಣನಗರದಲ್ಲಿ ಬಾಡಿಗೆಗಿದ್ದೆವು. ಅಪ್ಪನದು ಬೆಲ್ಲದ ಮಂಡಿ ವ್ಯಾಪಾರ. ಮಂಡಿಯಲ್ಲಿ ಗಂಟಲು ಹರಿಯುವಂತೆ ಕೂಗುವ ಮನುಷ್ಯ ವಚನ ಹಾಡುವುದು ಮಾತ್ರ ಬಚ್ಚಲಲ್ಲಿ, ಅದೂ ನಲ್ಲಿ ಬಿಟ್ಟುಕೊಂಡು. ನನ್ನ ಕೀಬೋರ್ಡಿನ ಜೊತೆ ಹಾಡಿ ನೋಡಿದ ಮೇಲೆ ಅವನಿಗೆ ಧೈರ್ಯ ಬಂತು. “ಹಿಂದೆ ಯಾರೋ ನಿಂತಂಗಿರ್ತದೆ ಕಣೋ,” ಅಂದ. ಬಡಾವಣೆಯ ದಸರಾ ಕಾರ್ಯಕ್ರಮದಲ್ಲಿ ಹಾಡುತ್ತೇನೆಂದು ಹೆಸರು ಕೊಟ್ಟೇಬಿಟ್ಟ. ಜನರೆದುರು ಹಾಡುವುದು ಜೀವನದಲ್ಲಿ ಅದೇ ಮೊದಲು. ಒಂದು ತಿಂಗಳು ಅಭ್ಯಾಸ. ನಡುವೆ ಒಮ್ಮೆ ಕೈಪಿಡಿ ತಿರುವಿಹಾಕಿ, “ಇಲ್ಲಿ ಮೂರು ಬೆರಳಿನ ಚಿತ್ರ ಐತಲ್ಲ, ಅದನ್ನೂ ಕಲ್ತ್ಕೊಬುಡು,” ಅಂದ.

“ಸುಮ್ನಿರಪ್ಪ, ಒಂದೇ ಸಾಕು,” ಅಂದೆ.

ಕಾರ್ಯಕ್ರಮ ಆಯುಧಪೂಜೆಯ ಸಂಜೆ. ಶಾಮಿಯಾನದ ತುಂಬ ಜನ. ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟ ಅಪ್ಪ ಕಣ್ಣು ಮುಚ್ಚಿ ಶುರು ಮಾಡಿದ. ನಾನು ಬೆರಳಿಟ್ಟೆ. ಡಬ್ ಡಬ್ ಡಬ್. ಅಷ್ಟೇ! ಇನ್ನೂ ಜೋರಾಗಿ ಒತ್ತಿದೆ. ಜೋರಾಗಿ ಒತ್ತಿದರೆ ಬರುತ್ತದೆಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ. ಸ್ವಿಚ್ಚಿನ ಪಕ್ಕದ ಅಕ್ಷರಗಳು ವಿಭೂತಿ ಕುಂಕುಮದಡಿ ಮುಚ್ಚಿಹೋಗಿದ್ದವು. ಅಪ್ಪ ತಿರುಗಿ ನೋಡಿದ. ಎರಡು ಸಾಲು ಹೇಗೋ ಎಳೆದ. ದನಿ ಒಡೆಯಿತು. ಕೈ ಮುಗಿದು ಇಳಿದುಬಿಟ್ಟ.

ಮನೆಗೆ ಬಂದು ಒರೆಸಿ ನೋಡಿದರೆ ಸ್ವಿಚ್ಚು ‘ಫಿಂಗರ್ಡ್’ನಲ್ಲಿ ಕೂತಿದೆ!

“ಯಾರು ಮುಟ್ಟಿದ್ದು ಇದನ್ನ?” ಎಂದು ಕೂಗಿದೆ.

“ಪೂಜೆಗೆ ಅಂತ ಒರೆಸ್ದೆ ಕಣಪ್ಪ…” ಅಂದ ಅಪ್ಪ.

“ನಿಂಗ್ಯಾರು ಹೇಳಿದ್ರು ಮುಟ್ಟು ಅಂತ? ಮಾನ ಕಳೆದ್ಬುಟ್ಟೆ!”

ಕಳೆದದ್ದು ಯಾರ ಮಾನ ಎಂದು ಆಗ ಯೋಚಿಸಲಿಲ್ಲ. ಆಮೇಲೆ ಅಪ್ಪ ಬಚ್ಚಲಲ್ಲೂ ಹಾಡಲಿಲ್ಲ. ನಾನು ಹಟಕ್ಕೆ ಬಿದ್ದು ಮೂರು ಬೆರಳಿನ ಕಾರ್ಡು ಕಲಿತೆ. ಎಷ್ಟು ದಿನ ಹಿಡಿಯಿತು ಅಂತೀರಿ? ಒಂದೇ ಒಂದು ಭಾನುವಾರ! ಅದನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಇವತ್ತು ನಾನೇ ಒರೆಸಿದೆ, ಮೆತ್ತನೆ ಬಟ್ಟೆಯಲ್ಲಿ, ಬಹಳ ಜೋಪಾನವಾಗಿ. ಒರೆಸುವ ಮುಂಚೆ ಸ್ವಿಚ್ಚು ‘ಸಿಂಗಲ್ ಫಿಂಗರ್’ನಲ್ಲಿತ್ತು, ಕಣ್ಣಾರೆ ನೋಡಿದ್ದೆ. ವಿಭೂತಿ ಹಚ್ಚಿ, ಪ್ಲಗ್ಗು ಹಾಕಿ, ಸುಮ್ಮನೆ ಒಂದು ಬೆರಳಿಟ್ಟೆ. ಡಬ್ ಡಬ್ ಡಬ್. ನನ್ನ ಬಟ್ಟೆಯೇ ಅದನ್ನು ಜರುಗಿಸಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಒಳಕೋಣೆಯಿಂದ ಅಪ್ಪನ ಗಾಬರಿಯ ದನಿ ಬಂತು: “ನಾನು ಮುಟ್ಟಿಲ್ಲ ಕಣಪ್ಪ!”

ಥೂ, ನನ್ನ ಜನ್ಮಕ್ಕಿಷ್ಟು! “ಗೊತ್ತಪ್ಪ, ನಾನೇ ಜರುಗ್ಸಿದ್ದು,” ಅಂದೆ. “ಆವತ್ತೂ ತಪ್ಪು ನಂದೇ.”

ಸ್ವಿಚ್ಚನ್ನು ಹಾಗೇ ಬಿಟ್ಟು ಮೂರು ಬೆರಳಿಟ್ಟೆ. ಕಾರ್ಡು ನುಡಿಯಿತು. ಅಪ್ಪ ಬಾಗಿಲಿಗೆ ಬಂದು, ಗೋಡೆ ಹಿಡಿದು ನಿಂತ. ಗಂಟಲು ಸರಿಮಾಡಿಕೊಂಡು ಅಂದ:

“ಶ್ರುತಿ ಸ್ವಲ್ಪ ಇಳ್ಸು. ಈಗ ಅಷ್ಟು ಮೇಲಕ್ಕೆ ಹೋಗಲ್ಲ.”