ಉತ್ತರ ಹೇಳದ ಮಾಸ್ತರರು

ಪಂಢರಿನಾಥ ಮಾಸ್ತರರ ಬಾಯಿಗೆ ಹೆದರದ ಹುಡುಗರು ಮಾಳಮಡ್ಡಿ ಓಣಿಯಲ್ಲಿ ಇರಲಿಲ್ಲ. ಅಂಥ ಬಾಯಿ ಕಟ್ಟಿಹೋಗಿತ್ತು. ಯುಗಾದಿಯ ಮರುದಿನ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದವು. ಮಾತು ಪೂರಾ ನಿಂತಿತು. ಕೈಕಾಲು ಹೋದರೆ ಹೋಗಲಿ, ನೋಡಿಕೊಳ್ಳಲು ನಾನಿದ್ದೇನೆ ಎಂದು ಹೆಂಡತಿ ಸುಲಭಾ ಗಟ್ಟಿಯಾಗಿಯೇ ಇದ್ದಳು. ಆದರೆ ಮಾತಿಲ್ಲದ ಆ ಮನೆ! ಮಕ್ಕಳಿಲ್ಲದ ಮನೆಯನ್ನು ಇಷ್ಟು ವರ್ಷ ತುಂಬಿದ್ದೇ ಆ ಗಂಟಲು. ಈಗ ಕುಕ್ಕರ್ ಸೀಟಿ ಹೊಡೆದರೂ ಆಕೆಯ ಎದೆ ಧಸಕ್ಕೆನ್ನುತ್ತಿತ್ತು.

ನಿವೃತ್ತರಾದ ಮೇಲೂ ದಿನಾ ಸಂಜೆ ಪಡಸಾಲೆಯಲ್ಲಿ ಮಾಸ್ತರರ ಇಂಗ್ಲಿಷ್ ಕ್ಲಾಸು ನಡೆಯುತ್ತಿತ್ತು. ಅವರು ತೂಗುಮಂಚದ ಮೇಲೆ, ಹುಡುಗರು ಜಮಖಾನೆಯ ಮೇಲೆ. ಕಾಲಿಂದ ನೆಲ ಒದ್ದು, ಮಂಚ ಜೀಕಿ, 'ಎಂಜಾಯ್!' ಎಂದು ಗುಡುಗಿದರೆ ಹುಡುಗರು 'ಸ್ವಿಮಿಂಗ್!' ಎನ್ನಬೇಕು. 'ವಾಂಟ್!' ಎಂದರೆ 'ಟು ಸ್ವಿಮ್!' ಯಾವ ಕ್ರಿಯಾಪದ ತನ್ನ ಮುಂದೆ 'ಟು' ಬೇಡುತ್ತದೆ, ಯಾವುದು 'ಇಂಗ್' ಬೇಡುತ್ತದೆ ಎಂದು ಆರಿಸುವುದು ಕನ್ನಡ ಶಾಲೆಯ ಹುಡುಗರಿಗೆ ಕಬ್ಬಿಣದ ಕಡಲೆ.

"ಹಂಗ ಯಾಕ ಸರ್?" ಎಂದು ಯಾವನಾದರೂ ಬಾಯಿ ಬಿಟ್ಟನೋ, ಮುಗಿಯಿತು.

"ನಿಮ್ಮವ್ವಗ ಅವ್ವಾ ಅಂತ ಯಾಕ ಅಂತಿ? ಬಾಯಿಪಾಠ ಮಾಡೋ ಕತ್ತೆ!"

ತಪ್ಪಿದವನು ಎದ್ದು ನಿಲ್ಲಬೇಕು. ಅಂದಹಾಗೆ, ಸ್ವತಃ ಮಾಸ್ತರರಿಗೆ ಈಜು ಬರುತ್ತಿರಲಿಲ್ಲ. ಕೆಲಗೇರಿ ಕೆರೆಗೆ ಪಾದ ಸಹ ಅದ್ದಿದವರಲ್ಲ. ಆದರೆ ಅದನ್ನು ಅವರ ಮುಂದೆ ಹೇಳುವವರು ಯಾರು?

ಮದುವೆಯಾದ ಹೊಸತರಲ್ಲಿ ಸುಲಭಾ ಒಮ್ಮೆ, "ನನಗೂ ಒಂದಿಷ್ಟು ಕಲಿಸ್ರೆಲಾ" ಅಂದಿದ್ದಳು. "ನೀ ಇಂಗ್ಲಿಷ್ ಕಲತು ಏನ ಮಾಡಾಕಿದ್ದಿ? ಚಹಾ ತಾ" ಅಂದಿದ್ದರು. ಆಕೆ ಮತ್ತೆ ಕೇಳಲಿಲ್ಲ. ಚಹಾ ಕಾಯಿಸುತ್ತಲೇ ಎಲ್ಲವೂ ಕಿವಿಗೆ ಬಿದ್ದು ಬಾಯಿಪಾಠವಾಗಿದ್ದು ಬೇರೆ ಮಾತು.

ಮಾತು ಮರಳಿಸುವ ಚಿಕಿತ್ಸೆಗೆಂದು ಮನೆಗೆ ಬರುತ್ತಿದ್ದ ಆರತಿ ಅವತ್ತು ಚಪ್ಪಲಿ ಮೆಟ್ಟುತ್ತ ದನಿ ತಗ್ಗಿಸಿದಳು.

"ಕಾಕೂ, ಇಷ್ಟ ತಿಂಗಳಾತು, ಒಂದು ಶಬ್ದ ಬರವಲ್ದು. ಹಿಂಗ ಆದ್ರ ಮುಂದ ಭಾಳ ಕಷ್ಟ ಐತ್ರಿ. ನಿಮ್ಮ ಮುಂದ ಸುಳ್ಳ ಹೇಳಾಕ ನನಗ ಮನಸಿಲ್ರಿ."

ಸುಲಭಾ ಆಕೆಯನ್ನು ಕಳಿಸಿ ಕದ ಹಾಕಿಕೊಂಡಳು. ರಾಯರಿಗೆ ಹರಕೆ ಹೊತ್ತಾಗಿತ್ತು. ಹಸುಗೂಸಿಗೆ ಮಾಡುವ ಹಾಗೆ ಬಜೆ ತೇಯ್ದು ನಾಲಿಗೆಗೆ ಸವರಿಯಾಗಿತ್ತು. ಇನ್ನು ಉಳಿದದ್ದೇನು? ಒಳಗೆ ಬಂದವಳೇ ಆರತಿ ಕೊಟ್ಟಿದ್ದ ಚಿತ್ರದ ಕಾರ್ಡೊಂದನ್ನು ಗಂಡನ ಮುಂದೆ ಹಿಡಿದಳು.

"ಇದೇನು, ಹೇಳ್ರಿ. ಆಕಳ. ಆ... ಹೋಗ್ಲಿ, ನಿಮ್ಮ ಇಂಗ್ಲಿಷರೆ ಹೇಳ್ರಿ. ಎಂಜಾಯ್... ಮುಂದ?"

ಮಾಸ್ತರರು ಮುಖ ಆಚೆ ತಿರುಗಿಸಿದರು.

ಆಕೆಯ ತಾಳ್ಮೆ ಹರಿಯಿತು. ಭುಜ ಹಿಡಿದು ಅಲುಗಾಡಿಸಿಯೇಬಿಟ್ಟಳು. "ಹೇಳ್ರಿ! ಬೇಕಾದ್ರ ಬೈರಿ! ಈ ಮನ್ಯಾಗ ನಾ ಗ್ವಾಡಿ ಕೂಡ ಮಾತಾಡ್ಲೇನು?"

ಅವರ ಎಡಗಣ್ಣಿಂದ ನೀರು ಇಳಿಯಿತು. ಆದರೆ ಅವರು ನೋಡುತ್ತಿದ್ದುದು ಆಕೆಯನ್ನಲ್ಲ; ಮೂಲೆಯಲ್ಲಿ ಸುತ್ತಿಟ್ಟಿದ್ದ ಜಮಖಾನೆಯನ್ನು.

ಸುಲಭಾ ಹಣೆ ಹಣೆ ಬಡಿದುಕೊಂಡಳು. ಅಯ್ಯ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಈ ಮನುಷ್ಯ ಜನ್ಮದಲ್ಲಿ ಯಾರಿಗಾದರೂ ಉತ್ತರ ಹೇಳಿದ್ದುಂಟೇ? ಕೇಳುವುದು ಅವರ ಪಾಲು, ಹೇಳುವುದು ಮಂದಿಯ ಪಾಲು. ಇಷ್ಟು ತಿಂಗಳು ತಾನೂ ಆರತಿಯೂ ಸೇರಿ ಮಾಸ್ತರರನ್ನು ಹುಡುಗರ ಸಾಲಿನಲ್ಲಿ ಕೂಡಿಸಿದ್ದರು.

ಬಗಲಿಗೆ ಕೈ ಕೊಟ್ಟು ಎಬ್ಬಿಸಿ, ಎಳೆದು, ಏದುಸಿರು ಬಿಡುತ್ತ, ಬಿದ್ದರೆ ಇಬ್ಬರೂ ಬೀಳೋಣ ಎಂದುಕೊಂಡು ಅವರನ್ನು ತೂಗುಮಂಚಕ್ಕೆ ಮುಟ್ಟಿಸಿದಳು. ಜಾರದ ಹಾಗೆ ಹಳೆಯ ಸೀರೆಯೊಂದನ್ನು ಸೊಂಟಕ್ಕೆ ಸುತ್ತಿ ಸರಪಳಿಗೆ ಬಿಗಿದಳು. ಜಮಖಾನೆ ಹಾಸಿ, ನೋಯುವ ಮೊಣಕಾಲು ಮಡಚಿ, ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಕಲಿಸ್ರಿ ನನಗ" ಅಂದಳು. "ಇನ್ನ ಚಹಾ ತಾ ಅಂದ್ರ ತರಂಗಿಲ್ಲ."

ಏನೂ ಆಗಲಿಲ್ಲ. ಹೊರಗೆ ಹೂವಿನವಳು ಕೂಗುತ್ತ ದಾಟಿಹೋದಳು. ಇದೂ ಆಗಲಿಲ್ಲವಲ್ಲ, ಇನ್ನು ನನಗೆ ಯಾರು ದಿಕ್ಕು ಎಂದು ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಗ ಮಾಸ್ತರರ ಎಡಗಾಲು ಮೆಲ್ಲಗೆ ನೆಲ ಒದೆಯಿತು. ಸರಪಳಿ ಕಿರ್ರೆಂದಿತು.

"ವಾ..." ತುಟಿ ಸೊಟ್ಟಗಾಯಿತು, ಜೊಲ್ಲು ಇಳಿಯಿತು. "ವಾಂಟ್."

ಉತ್ತರ ಗೊತ್ತಿತ್ತು. ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದಳು. ಆದರೆ ಅಳುವಿನ ನಡುವೆ ಒಂದಕ್ಷರ ಹೊರಡಲಿಲ್ಲ. ದಳದಳ ಕಣ್ಣೀರು ಅಷ್ಟೆ.

ಮಾಸ್ತರರು ಕಾದು ನೋಡಿದರು. ಹುಬ್ಬು ಗಂಟಿಕ್ಕಿತು. ಎಡಗೈ ಎತ್ತಿ, ಎದ್ದು ನಿಲ್ಲು ಎಂದು ಸನ್ನೆ ಮಾಡಿದರು.

ಸುಲಭಾ ಅಳುತ್ತಲೇ ಎದ್ದು ನಿಂತಳು.