ಬಾಗಿಲು ಕಳಚಿಸಿದ ಪ್ರಾಂಶುಪಾಲರು

ಶಾಲಾ ಶಿಸ್ತಿನ ಮಾತು ಬಂದಾಗ ನಮ್ಮ ವೃತ್ತಿಬಾಂಧವರು ಮೊದಲು ನೆನೆಯುವುದು ಈಗ ನಿವೃತ್ತರಾಗುತ್ತಿರುವ ನಮ್ಮ ಪ್ರಾಂಶುಪಾಲರನ್ನೇ. ಆ ಕೀರ್ತಿ ಅವರಿಗೆ ಎರಡು ಸಲ ಬಂತು. ಮೊದಲನೆಯದಕ್ಕೆ ತೆತ್ತ ಬೆಲೆ ನನ್ನ ತಂಗಿ. ಈ ಅಭಿನಂದನಾ ಗ್ರಂಥದ ಸಂಪಾದಕರು "ಒಳ್ಳೇದನ್ನಷ್ಟೇ ಬರೀರಿ ಮೇಡಂ" ಎಂದಿದ್ದರು. "ಬರೆದ್ರೆ ಎಲ್ಲಾನೂ ಬರೀಲಿ, ಇಲ್ಲಾಂದ್ರೆ ಪುಸ್ತಕವೇ ಬೇಡ" ಎಂದವರು ಸ್ವತಃ ಪ್ರಾಂಶುಪಾಲರು.

ಅವರು ಅಧಿಕಾರ ವಹಿಸಿಕೊಂಡಾಗ ಪುಂಡರ ಶಾಲೆಯೆಂದು ಹೆಸರಾಗಿದ್ದದ್ದು, ಕೆಲವೇ ವರ್ಷಗಳಲ್ಲಿ, ಹೊರಗೆ ನಿಂತವರು ಇಂದು ರಜೆಯೇ ಎಂದು ಕೇಳುವಷ್ಟು ನಿಶ್ಶಬ್ದವಾಯಿತು. ಯಥಾ ರಾಜಾ ತಥಾ ಪ್ರಜಾ. ಅವರ ಹುಬ್ಬು ಗಂಟಿಕ್ಕಿದರೆ ಶಿಕ್ಷಕರ ಹುಬ್ಬೂ ಗಂಟಿಕ್ಕುತ್ತಿತ್ತು. ಶಿಕ್ಷಕರು ತರಗತಿಯಿಂದ ಹೊರಹೋದರೆ ಮಕ್ಕಳು ತುಟಿಯ ಮೇಲೆ ಬೆರಳಿಟ್ಟು ಕೂರಬೇಕು, ಜಾಗ ಬಿಟ್ಟು ಏಳಕೂಡದು, ಸದ್ದು ಮಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಬೋರ್ಡಿನ ಮೇಲೆ ಬರೆಯಬೇಕು. ಹೆತ್ತವರಿಗೆ ಇದು ಬಲು ಹಿಡಿಸಿತು. ನಮ್ಮಪ್ಪನಂತೂ ಮೀಸೆ ತಿರುವಿಕೊಂಡೇ ನಮ್ಮಿಬ್ಬರನ್ನೂ ಅಲ್ಲಿಗೆ ಸೇರಿಸಿದರು.

ತಂಗಿಗೆ ಉಬ್ಬಸವಿತ್ತು. ಒಂದು ದಿನ ಪಾಠದ ನಡುವೆ ವಿಜ್ಞಾನದ ಮೇಷ್ಟರನ್ನು ಯಾರೋ ಕಚೇರಿಗೆ ಕರೆದರು. ಅವಳಿಗೆ ಉಸಿರು ಕಟ್ಟಿತು. ಉಸಿರಿನೊಡನೆ ಎಳೆದುಕೊಳ್ಳುವ ಔಷಧಿ ಚೀಲದಲ್ಲಿತ್ತು, ಚೀಲಗಳೆಲ್ಲ ಶಾಲೆಯ ರೂಢಿಯಂತೆ ಹಿಂದಿನ ಗೋಡೆಯ ಬದಿಗಿದ್ದವು. ಅವಳು ಅಂಗೈಯಿಂದ ಡೆಸ್ಕು ಬಡಿದಳು. ಲೀಡರ್ ಹುಡುಗಿ ಅವಳ ಹೆಸರು ಬರೆದಳು. ಮತ್ತೆ ಬಡಿದಳು, ಹೆಸರಿನ ಮುಂದೆ ಗೀಟು ಬಿತ್ತು. ಯಾರೂ ಏಳಲಿಲ್ಲ. ಅದೇ ಹೊತ್ತಿಗೆ ಪ್ರಾಂಶುಪಾಲರು ಕಿಟಕಿಯಾಚೆ ಹಾದುಹೋದರು. ತುಟಿಯ ಮೇಲೆ ಬೆರಳಿಟ್ಟ ಮಕ್ಕಳ ಸಾಲುಗಳನ್ನು ಕಂಡು, ತೃಪ್ತರಾಗಿ, ಮುಂದೆ ನಡೆದರು. ಹಾಗೆ ಹಾದುಹೋದದ್ದನ್ನು ಕಂಡವರು ಹೇಳಲಿಲ್ಲ, ಆಮೇಲೆ ಸ್ವತಃ ಪ್ರಾಂಶುಪಾಲರೇ ಹೇಳಿದರು.

ತಂಗಿ ತೀರಿಕೊಂಡ ಮೇಲೆ ಮನೆಗೆ ಬಂದ ಅವರನ್ನು ಅಮ್ಮ ಕೇಳಿದ್ದು ಒಂದೇ ಮಾತು: "ಅವಳು ಕೂಗ್ಲಿಲ್ವಾ ಸಾರ್?"

"ಕೂಗಬಾರ್ದು ಅಂತ ನಾನೇ ಕಲಿಸಿದ್ದೆ ತಾಯಿ."

ಆಡಳಿತ ಮಂಡಳಿಯವರು ತಪ್ಪನ್ನು ಮೇಷ್ಟರ ಮೇಲೋ ಆ ಲೀಡರ್ ಮಗುವಿನ ಮೇಲೋ ಹೊರಿಸಿ ಕೈತೊಳೆದುಕೊಳ್ಳಲು ನೋಡಿದಾಗ ಇವರು ಬಿಡಲಿಲ್ಲ. ಮನೆ ಬಿಟ್ಟು ಹೊರಬರದಾದ ಆ ಹುಡುಗಿಯನ್ನು ವರ್ಷವಿಡೀ ತಾವೇ ಹೋಗಿ ಕರೆದುಕೊಂಡು, ಶಾಲೆಯವರೆಗೆ ಜೊತೆಯಲ್ಲಿ ನಡೆದು ಬಂದರು. ಬಡಗಿಯನ್ನು ಕರೆಸಿ ತಮ್ಮ ಕೊಠಡಿಯ ಬಾಗಿಲನ್ನೇ ಕಳಚಿಸಿದರು, ಯಾವ ಮಗು ಯಾವಾಗ ಬೇಕಾದರೂ ನುಗ್ಗಿ ಬರಲೆಂದು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇವರು ಬಾಗಿಲು ತೆಗೆದರು. ತಡವಾದದ್ದು ಎರಡೂ ಕಡೆ ಒಂದೇ ಎಂದು ನಾನು ಆಗ ಹಲ್ಲು ಕಡಿದದ್ದುಂಟು.

"ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತಾವೆ" ಎಂದು ಹಿರಿಯ ಶಿಕ್ಷಕರು ಗೊಣಗಿದರು. ಕೆಲವು ಮಕ್ಕಳು ಕೂತದ್ದೂ ನಿಜ. ಇವರು ಪ್ರತಿ ಸಭೆಯಲ್ಲಿ ಹೇಳುತ್ತಿದ್ದದ್ದು ಇಷ್ಟೇ: "ಕ್ಲಾಸು ಸುಮ್ನಿದ್ರೆ ಖುಷಿಪಡ್ಬೇಡಿ. ಯಾಕೆ ಸುಮ್ನಿದೆ ಅಂತ ಒಳಗೆ ಹೋಗಿ ನೋಡಿ." ಬರಬರುತ್ತ ಶಿಕ್ಷಕರ ದನಿ ತಗ್ಗಿತು, ಮಕ್ಕಳು ಹೆದರಿಕೆಯಿಲ್ಲದೆಯೂ ಪಾಠ ಕೇಳತೊಡಗಿದರು. ಎರಡನೆಯ ಕೀರ್ತಿ ಬಂದದ್ದು ಹೀಗೆ.

ಓದು ಮುಗಿಸಿ ಅಲ್ಲಿಯೇ ಕೆಲಸ ಕೇಳಿಕೊಂಡು ಹೋದೆ. "ಇಲ್ಲಿಗೇ ಯಾಕಮ್ಮ?" ಎಂದರು.

"ನೀವು ನಿಜವಾಗ್ಲೂ ಬದಲಾಗಿದೀರಾ ಅಂತ ನೋಡೋಕೆ ಸಾರ್."

"ಬಂದು ನೋಡು. ತಪ್ಪು ಕಂಡ್ರೆ ಎಲ್ಲರ ಮುಂದೆ ಹೇಳು."

ಹೇಳಿದ್ದೇನೆ, ಹಲವು ಸಲ. ಅವರು ಒಮ್ಮೆಯೂ ನನ್ನ ಬಾಯಿ ಮುಚ್ಚಿಸಲಿಲ್ಲ. ಒಮ್ಮೆ ನನ್ನ ತರಗತಿಯ ಹುಡುಗಿಯೊಬ್ಬಳು ಹೊಟ್ಟೆನೋವೆಂದು ಮುಖ ಕಿವುಚಿದ್ದಕ್ಕೆ ಇಡೀ ತರಗತಿ ಎದ್ದು ಬೊಬ್ಬೆ ಹೊಡೆಯಿತು. ಆ ವಯಸ್ಸಿನಲ್ಲೂ ಓಡಿಬಂದ ಇವರು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ನಿಂತರು. ಹುಡುಗಿಗೆ ಏನೂ ಆಗಿಲ್ಲವೆಂದು ತಿಳಿದ ಮೇಲೂ ಮಕ್ಕಳನ್ನು ಸುಮ್ಮನಿರಿ ಎನ್ನಲಿಲ್ಲ. ಗದ್ದಲ ತಾನಾಗಿ ಅಡಗುವವರೆಗೂ ಕೇಳಿಸಿಕೊಂಡರು, ಅತ್ತರು.

ಅವರನ್ನು ಕ್ಷಮಿಸಿದ್ದೇನೆಯೇ? ಇಲ್ಲ. ಅವರಷ್ಟು ನಾನು ಗೌರವಿಸುವ ಇನ್ನೊಬ್ಬ ಶಿಕ್ಷಕರೂ ಇಲ್ಲ. ಬಾಗಿಲಿಲ್ಲದ ಆ ಕೊಠಡಿಗೆ ನಾಳೆ ಬರುವವರು ಮತ್ತೆ ಬಾಗಿಲು ಹಾಕಿಸದಂತೆ ನೋಡಿಕೊಳ್ಳಲು, ನಿವೃತ್ತಿಯ ನಂತರವೂ ಅವರು ಆಗಾಗ ಬರುತ್ತಿರಲಿ. ಸಾರ್, ನಿಮಗೆ ದೀರ್ಘಾಯುಷ್ಯವಿರಲಿ. ಅಪ್ಪ, ಅಮ್ಮ ಹೋದ ಮೇಲೆ, ನನ್ನ ತಂಗಿ ಡೆಸ್ಕು ಬಡಿದ ಸದ್ದನ್ನು ದಿನವೂ ಕೇಳುವವರಾಗಿ ಉಳಿದಿರುವುದು ನಾವಿಬ್ಬರೇ. ನಾನೊಬ್ಬಳೇ ಕೇಳಲಾರೆ.