ಎಂಬತ್ತೈದು ಎಂಎಂ ಮತ್ತು ಹಿಂದೆ ನಿಂತ ಪದ್ಮಮ್ಮ

ಎಂಟು ವರ್ಷಗಳ ಹಿಂದೆ ನಾನು ಅಮೆರಿಕದ ಟೆಕ್ಸಸ್‌ನಲ್ಲಿರುವ ರೌಂಡ್ ರಾಕ್ ಊರಿನ ಒಂದು ಕಂಪನಿಯಲ್ಲಿ ಹಾರ್ಡ್‌ವೇರ್ ಟೆಸ್ಟಿಂಗ್ ಎಂಜಿನಿಯರ್ ಆಗಿದ್ದೆ. ಶನಿವಾರ, ಭಾನುವಾರ ಮಾತ್ರ ಫೋಟೋಗ್ರಾಫರ್. ಈಗ ಅದೇ ನನ್ನ ವೃತ್ತಿ; ಡಲ್ಲಾಸ್, ಹ್ಯೂಸ್ಟನ್‌ವರೆಗೂ ಡ್ರೈವ್ ಮಾಡಿ ಕುಟುಂಬಗಳ ಚಿತ್ರ ತೆಗೆಯುತ್ತೇನೆ. ಆದರೂ ಫೋಟೋಗ್ರಾಫರ್ ಆಗಿ ಒಪ್ಪಿಕೊಂಡ ಎರಡನೆಯ ಕೆಲಸವನ್ನು ಇವತ್ತಿಗೂ ಮರೆತಿಲ್ಲ.

ಆಗಷ್ಟೇ ಮೊದಲ ಪ್ರೈಮ್ ಲೆನ್ಸ್ ಕೊಂಡಿದ್ದೆ. ಪ್ರೈಮ್ ಎಂದರೆ ಝೂಮ್ ಇಲ್ಲದ ಲೆನ್ಸ್. ಹತ್ತಿರ, ದೂರ ಎಲ್ಲಕ್ಕೂ ನಮ್ಮ ಕಾಲೇ ಓಡಾಡಬೇಕು. ಮನೆಯೊಳಗೆ ಕುಟುಂಬದ ಚಿತ್ರ ತೆಗೆಯುವುದಾದರೆ ಹೆಚ್ಚು ಅಗಲಕ್ಕೆ ಕಾಣುವ 35 ಎಂಎಂ ಸಾಕು ಎಂದು ಆಸ್ಟಿನ್‌ನ ಅಂಗಡಿಯಾತ ಎರಡು ಸಲ ಹೇಳಿದ. ಕೇಳುವವಳೇ ನಾನು? ವಿಡಿಯೋಗಳಲ್ಲಿ 85 ಎಂಎಂ ಲೆನ್ಸಿನ ಚಿತ್ರಗಳನ್ನು ನೋಡಿ ಮರುಳಾಗಿದ್ದೆ. ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್ 1.8ರವರೆಗೆ ಅಗಲಿಸಿದರೆ ಮುಖ ಸ್ಪಷ್ಟ, ಹಿಂದಿನದೆಲ್ಲ ಮಸುಕು. ಆ ಮಸುಕೇ ದೊಡ್ಡ ಕಲೆ ಎಂದು ನಂಬಿದ್ದೆ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ.

ಆ ಎರಡನೆಯ ಕೆಲಸವೆಂದರೆ ಒಂದು ಭಾನುವಾರ, ಸಹೋದ್ಯೋಗಿ ಸುಧೀರನ ಮಗುವಿನ ನಾಮಕರಣ. ಮೈಸೂರಿನಿಂದ ಬಂದಿದ್ದ ಅವನ ತಾಯಿ ಪದ್ಮಮ್ಮನವರ ಆರು ತಿಂಗಳ ವೀಸಾ ಅವಧಿ ಮುಗಿದು, ಮಂಗಳವಾರ ಫ್ಲೈಟ್ ಇತ್ತು. ವಿಪರೀತ ಮಂಡಿನೋವು, ಮತ್ತೆ ಇಷ್ಟು ದೂರ ಬರಲಾರೆ ಎಂದು ಅವರೇ ಹೇಳಿಬಿಟ್ಟಿದ್ದರು. "ಅಮ್ಮ ಮೊಮ್ಮಕ್ಕಳ ಜೊತೆ ಇರೋ ಒಂದು ಒಳ್ಳೆ ಫೋಟೋ ಬೇಕು. ಊರಲ್ಲಿ ಗೋಡೆಗೆ ದೊಡ್ಡದಾಗಿ ಹಾಕ್ಬೇಕಂತೆ" ಎಂದಿದ್ದ ಸುಧೀರ. ನನ್ನ ಕೆಲಸ ಅಷ್ಟೇ.

ಅವರ ಹಾಲ್‌ನಲ್ಲಿ ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ ಸರಿದರೂ 85ರಲ್ಲಿ ಎಲ್ಲರೂ ಒಂದೇ ಚಿತ್ರದೊಳಗೆ ಹಿಡಿಸಲಿಲ್ಲ. ಸೋಫಾದ ಮೇಲೆ ಸುಧೀರ, ಹೆಂಡತಿ ಅಶ್ವಿನಿ, ಅವಳ ತೊಡೆಯ ಮೇಲೆ ಮಗು, ಪಕ್ಕದಲ್ಲಿ ಏಳು ವರ್ಷದ ದೊಡ್ಡ ಮಗಳು ದಿಯಾ. ತುದಿಯಲ್ಲಿದ್ದ ಪದ್ಮಮ್ಮನವರ ಅರ್ಧ ಭುಜ ಚೌಕಟ್ಟಿನ ಹೊರಗೆ. ನನ್ನ ಪೇಚಾಟ ನೋಡಿ ಅವರೇ ಎದ್ದರು.

"ನಾನು ಹಿಂದೆ ನಿಲ್ತೀನಮ್ಮ. ಶುಭಕಾರ್ಯದ ಫೋಟೋ, ಮುತ್ತೈದೆ ಮುಂದಿರಲಿ."

ಗಂಡ ತೀರಿಕೊಂಡವರು, ಬೆಳಗ್ಗೆ ಆರತಿಯ ಹೊತ್ತಿನಲ್ಲೂ ಬಾಗಿಲ ಬಳಿಯೇ ನಿಂತಿದ್ದರು. ದಿಯಾ "ನೋ ಅಜ್ಜಿ, ಸಿಟ್ ಹಿಯರ್!" ಎಂದು ಸೆರಗು ಎಳೆದಳು. ನಾನೂ ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಸೇರಿಸಲಿಲ್ಲ. ನಿಜ ಹೇಳುತ್ತೇನೆ, ನನಗೆ ಅನುಕೂಲವೇ ಆಯಿತು. "ಸರಿ ಆಂಟಿ, ಅಲ್ಲೇ ಇರಿ, ಚೆನ್ನಾಗಿ ಕಾಣ್ತೀರಿ" ಎಂದೆ.

ಮಗುವಿನ ಕಣ್ಣಿಗೆ ಫೋಕಸ್ ಇಟ್ಟು, ಎಫ್ 1.8ರಲ್ಲೇ ನಲವತ್ತು ಚಿತ್ರ ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚಂದ. ದೊಡ್ಡದು ಮಾಡಿ ನೋಡುವ ವಿವೇಕ ಎಲ್ಲಿತ್ತು? ಬುಧವಾರ ಕಂಪ್ಯೂಟರಿನಲ್ಲಿ ತೆರೆದು, ಒಂದೊಂದನ್ನೇ ದೊಡ್ಡದು ಮಾಡಿ ನೋಡಿದೆ. ಮಗುವಿನ ರೆಪ್ಪೆಗೂದಲು ಎಣಿಸಬಹುದಿತ್ತು. ಎರಡಡಿ ಹಿಂದಿದ್ದ ಪದ್ಮಮ್ಮನವರ ಕಣ್ಣು, ಮೂಗು ಕಲಸಿಹೋಗಿದ್ದವು. ನಲವತ್ತರಲ್ಲೂ. ಅವರಾಗಲೇ ವಿಮಾನ ಹತ್ತಿಯಾಗಿತ್ತು.

ಚಿತ್ರ ತೋರಿಸಿದಾಗ ಸುಧೀರ "ಓಹ್" ಎಂದ, ಅಷ್ಟೆ. ಬೈದಿದ್ದರೇ ಚೆನ್ನಾಗಿತ್ತು. ಒಂದು ತಿಂಗಳ ನಂತರ ಧೈರ್ಯ ಮಾಡಿ ಮೈಸೂರಿಗೆ ವಿಡಿಯೋ ಕಾಲ್ ಮಾಡಿದೆ. ಸುಧೀರ ಕಳಿಸಿದ್ದ ಅದೇ ಚಿತ್ರಕ್ಕೆ ಪದ್ಮಮ್ಮ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು.

"ಆಂಟಿ, ತಪ್ಪು ನಂದು. ಕ್ಷಮಿಸಿ" ಎಂದೆ.

ಅವರು ತಿರುಗಿ ಗೋಡೆ ನೋಡಿದರು. "ಅಯ್ಯೋ, ತಪ್ಪೇನು ಬಂತು? ಹಿಂದೆ ನಿಂತವರು ಹಾಗೇ ಬರೋದು ಅಂದ್ಕೊಂಡೆ ಕಣಮ್ಮ. ಮಕ್ಕಳು ಮುದ್ದಾಗಿ ಬಂದಿವೆಯಲ್ಲ, ಅಷ್ಟು ಸಾಕು."

ಅವರು ಮತ್ತೆ ಟೆಕ್ಸಸ್‌ಗೆ ಬರಲಿಲ್ಲ.

ಯಾವ ಪ್ರೈಮ್ ಕೊಳ್ಳಲಿ ಎಂದು ಹೊಸಬರು ಕೇಳುತ್ತಿರುತ್ತಾರೆ. ಮನೆಯೊಳಗಾದರೆ 35, ಎರಡು ಸಾಲಾದರೆ ಕಿಂಡಿ ಕಿರಿದಾಗಿಸಿ, ಎಫ್ 5.6ಕ್ಕಿಂತ ಕೆಳಗಿಳಿಯಬೇಡಿ, ಹಿಂದಿನವರೂ ಸ್ಪಷ್ಟವಾಗಿ ಬರಲಿ ಎನ್ನುತ್ತೇನೆ. ಆದರೆ ಅವತ್ತು 35 ಇದ್ದಿದ್ದರೂ ಪದ್ಮಮ್ಮ ಎದ್ದು ಹಿಂದೆ ಹೋಗುತ್ತಿದ್ದರೇನೋ. ತಡೆಯಬೇಕಾದವಳು ನಾನು. ಈಗ ಯಾವ ಮನೆಗೆ ಹೋದರೂ ಚೀಲ ಬಿಚ್ಚುವ ಮುಂಚೆ, ಹಿಂದೆ ಸರಿದು ನಿಂತವರು ಯಾರು ಎಂದು ಹುಡುಕುತ್ತೇನೆ. ಕೈ ಹಿಡಿದು ತಂದು ನಡುವೆ ಕೂರಿಸುತ್ತೇನೆ. ಮೊದಲ ಫೋಕಸ್ ಅವರ ಕಣ್ಣಿಗೆ. ಎಷ್ಟೋ ಅಜ್ಜಿಯರಿಗೆ ಹಾಗೆ ಮಾಡಿದ್ದೇನೆ, ಪದ್ಮಮ್ಮನವರೊಬ್ಬರನ್ನು ಬಿಟ್ಟು.